ಗೋಡೆಯ ಮೇಲಿನ ನಾಟಕ ಬೂಷ್ಟಿಗೆ ಬಲಿಯಾಗದಿರಲಿ

ಮಾನ್ಯ ಸಂಪಾದಕರೇ,

ಸುಂಟಿಕೊಪ್ಪದ ಬಳಿ ಪರಿಚಯದವರ ಹಳೆಯ ತೋಟದ ಬಂಗಲೆಯಲ್ಲಿ ಈಚೆಗೆ ಒಂದು ಅಚ್ಚುಚಿತ್ರ ನೋಡಿದೆ. ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಬಿರುಗಾಳಿಯ ದೃಶ್ಯ. ಮುದಿ ದೊರೆ ಮೈಮೇಲಿನ ಬಟ್ಟೆ ಕಿತ್ತುಕೊಳ್ಳುತ್ತಿದ್ದಾನೆ. ಕೆಳಗೆ ಎಡಕ್ಕೆ ಚಿತ್ರ ಬರೆದ ಬೆಂಜಮಿನ್ ವೆಸ್ಟ್, ಬಲಕ್ಕೆ ಕೆತ್ತಿದ ವಿಲಿಯಂ ಶಾರ್ಪ್ ಹೆಸರು. ಗಾಜಿನೊಳಗೆ ಮಾತ್ರ ಬೂಷ್ಟು, ದೊರೆಯ ಗಡ್ಡದ ಮೇಲೆ ಕಂದು ಚುಕ್ಕೆಗಳು. ಸಾಲದ್ದಕ್ಕೆ, ಕಟ್ಟು ಹಾಕಿದವರು ಅಳತೆಗೆ ಕೂರಲಿಲ್ಲವೆಂದು ಮೇಲಿನ ಅಂಚನ್ನೇ ಕತ್ತರಿಸಿಬಿಟ್ಟಿದ್ದಾರೆ. ನನಗೆ ಹೊಟ್ಟೆ ಉರಿಯಿತು.

ಈ ಅಚ್ಚುಚಿತ್ರವನ್ನು ಹೊರತಂದ ಲಂಡನ್ನಿನ ಜಾನ್ ಬಾಯ್ಡೆಲ್ ಶೇಕ್ಸ್‌ಪಿಯರನ ದೃಶ್ಯಗಳನ್ನು ದೊಡ್ಡ ಕಲಾವಿದರಿಂದ ಬರೆಸಿ, 1789ರಲ್ಲಿ ಗ್ಯಾಲರಿ ತೆರೆದು, ಅವನ್ನೇ ತಾಮ್ರದ ತಗಡಿನಲ್ಲಿ ಕೆತ್ತಿಸಿ ಮಾರಿದವರು. ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಒತ್ತಿ ತೆಗೆಯುವ ಕೆಲಸ ಅದು. ತಗಡಿನ ಒತ್ತುಗುರುತು ಕಾಗದದ ಅಂಚಿನಲ್ಲೇ ಇರುತ್ತದೆ. ಅದನ್ನು ಕತ್ತರಿಸಿದರೆ ಚಿತ್ರದ ಸಾಕ್ಷಿಯೇ ಹೋದಂತೆ.

ಮನೆಯಲ್ಲಿ ಇಂಥದ್ದು ಇದ್ದವರು ದಯವಿಟ್ಟು ಮಳೆ ಬಡಿಯುವ ಗೋಡೆಗೆ ತೂಗುಹಾಕಬೇಡಿ, ಪ್ಲೈವುಡ್‌ಗೆ ಅಂಟಿಸಬೇಡಿ. ಗಾಜಿಗೂ ಕಾಗದಕ್ಕೂ ನಡುವೆ ಸ್ವಲ್ಪ ಜಾಗವಿರಲಿ. ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಇವುಗಳದ್ದೊಂದು ಪ್ರದರ್ಶನ ಏರ್ಪಡಿಸಿದರೆ ಮಕ್ಕಳೂ ನೋಡಿಯಾರು.

ಇನ್ನೊಂದು ಆಸೆ. ಹರದಾಸ ಅಪ್ಪಚ್ಚಕವಿ ಕೊಡವ ಭಾಷೆಯಲ್ಲಿ ನಾಲ್ಕು ನಾಟಕ ಬರೆದಿದ್ದಾರೆ. ಅವುಗಳಲ್ಲೊಂದರ ನಾಯಕಿ, ಯಮನ ಹಿಂದೆ ನಡೆಯುವ ಸಾವಿತ್ರಿಯನ್ನು ನಮ್ಮ ಕಲಾವಿದರು ತಾಮ್ರದಲ್ಲಿ ಯಾಕೆ ಕೆತ್ತಬಾರದು?

– ಓದುಗ, ಮಡಿಕೇರಿ