ಮಗಳಿಗೊಂದು ಪತ್ರ: ಪಂಚಮಿಗೆ ಆ ಸಿನಿಮಾ ಹಚ್ಚೋಣವಾ?

ಕಲಬುರಗಿ
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ನೀನು ಹೇಳಿದ ‘ಎನ್‌ಚಾಂಟೆಡ್’ ಸಿನಿಮಾ ನೋಡಿ ಮುಗಿಸಿದೆ. ನಿಮ್ಮಪ್ಪ ಮಲಗಿದ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಎರಡು ರಾತ್ರಿ ಕೂತು ನೋಡಿದೆ. ‘ಪಂಚಮಿಗೆ ಎಲ್ಲರೂ ಸೇರಿದಾಗ ಪಡಸಾಲೆಯ ಟಿವಿಗೆ ಹಚ್ಚಬಹುದಾ, ಮುಜುಗರದ್ದು ಏನಾದರೂ ಇದೆಯಾ ನೋಡವ್ವಾ’ ಅಂದಿದ್ದೆಯಲ್ಲ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅಂಥದ್ದೇನೂ ಇಲ್ಲ. ಕಾರ್ಟೂನ್ ಲೋಕದಿಂದ ನ್ಯೂಯಾರ್ಕಿಗೆ ಬಂದು ಬೀಳುವ ಹುಡುಗಿ ಜಿಸೆಲ್, ಅವಳಿಗೆ ಮನೆಯಲ್ಲಿ ಜಾಗ ಕೊಡುವ ಒಬ್ಬ ವಕೀಲ, ಇವರ ಕಥೆ. ಒಂದು ಕಡೆ ಆ ವಕೀಲ ಬಚ್ಚಲಿಗೆ ಹೋದರೆ ಜಿಸೆಲ್ ಜಳಕ ಮಾಡುತ್ತಿರುತ್ತಾಳೆ. ಹಕ್ಕಿಗಳು ಟವೆಲ್ ತಂದು ಸುತ್ತಿಬಿಡುತ್ತವೆ. ಕೊನೆಗೆ ಒಂದು ಮುತ್ತು ಇದೆ. ಅದೂ ವಿಷದ ಸೇಬು ತಿಂದು ಬಿದ್ದವಳನ್ನು ಎಬ್ಬಿಸಲಿಕ್ಕೆ, ಔಷಧ ಕೊಟ್ಟ ಹಾಗೆ. ಆ ಹೊತ್ತಿಗೆ ಸರಿಯಾಗಿ ನಿಮ್ಮಪ್ಪನಿಗೆ ನೀರಡಿಕೆ ಆಗುತ್ತದೆ. ಆಗಲಿ ಬಿಡು.

ನಮ್ಮ ಸಣ್ಣ ಹುಡುಗರಿಗೆ ತೊಂದರೆ ಇಲ್ಲ. ಶುರುವಿಗೆ ಸ್ವಲ್ಪ ಹೊತ್ತು ಕಾರ್ಟೂನ್. ಆಮೇಲೆ ಜಿಸೆಲ್ ಮದುವೆ ಆಗಬೇಕಿದ್ದ ರಾಜಕುಮಾರನ ಮಲತಾಯಿ, ಆ ರಾಣಿ, ಅವಳನ್ನು ಬಾವಿಗೆ ನೂಕುತ್ತಾಳೆ. ನೋಡಿದರೆ ನ್ಯೂಯಾರ್ಕ್ ರಸ್ತೆಯ ಮ್ಯಾನ್‌ಹೋಲ್‌ನಿಂದ ನಿಜವಾದ ಮನುಷ್ಯಳಾಗಿ ಮೇಲೆ ಬರುತ್ತಾಳೆ! ಜಿಸೆಲ್ ಪಾತ್ರ ಆಮಿ ಆಡಮ್ಸ್ ಎಷ್ಟು ಚೆಂದ ಮಾಡಿದ್ದಾಳೆ. ಅವಳು ಹಾಡು ಹೇಳಿ ಕರೆದರೆ ಇಲಿ, ಜಿರಳೆ, ಪಾರಿವಾಳ ಬಂದು ಮನೆ ಗುಡಿಸಿ ತೊಳೆಯುತ್ತವೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಜಿರಳೆ ನೋಡಿ ಮೈ ಜುಂ ಅಂತು. ಕೊನೆಯಲ್ಲಿ ರಾಣಿ ಬೆಂಕಿ ಉಗುಳುವ ದೊಡ್ಡ ಪ್ರಾಣಿ ಆಗುತ್ತಾಳೆ. ಸಣ್ಣವರನ್ನು ತೊಡೆ ಮೇಲೆ ಕೂಡಿಸಿಕೊಂಡರೆ ಸಾಕು. ಅಲ್ಲಿ ಕತ್ತಿ ಹಿಡಿದು ಗೋಪುರ ಹತ್ತುವವಳು ಹುಡುಗಿಯೇ. ಅದು ನನಗೆ ಬಹಳ ಸೇರಿತು.

ಆಯಿ ಏನು ಅನ್ನಬಹುದು ಅಂತ ನೆನೆಸಿಕೊಂಡು ಒಬ್ಬಳೇ ನಕ್ಕೆ. ಇವತ್ತು ನೋಡಿ ನಾಳೆ ಮದುವೆ ಅಂತ ಜಿಸೆಲ್ ಹೇಳಿದರೆ ವಕೀಲ ಬೆಚ್ಚಿಬೀಳುತ್ತಾನೆ. ಆಯಿ ಬೀಳುವುದಿಲ್ಲ. ಅವರು ಮುತ್ಯಾನ ಮುಖ ನೋಡಿದ್ದೇ ಅಕ್ಷತೆ ಬಿದ್ದ ಮೇಲೆ. ನಾನಾದರೂ ಏನು, ಒಂದು ತಾಟು ಸುಸಲಾ, ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ನಿಮ್ಮಪ್ಪನನ್ನು ನೋಡಿದವಳು. ಆ ವಕೀಲ ಒಬ್ಬಳ ಜೊತೆ ಐದು ವರ್ಷ ಓಡಾಡಿ ಇನ್ನೂ ಮದುವೆ ಮಾತು ಎತ್ತಿಲ್ಲ ಅಂತ ತಿಳಿದರೆ ಮಾತ್ರ, ‘ಐದು ವರ್ಷ ಏನು ಮಾಡಿದನಂತೆ?’ ಅಂತ ಆಯಿ ಇಡೀ ಪಡಸಾಲೆಗೆ ಕೇಳುವ ಹಾಗೆ ಕೇಳುತ್ತಾರೆ. ಅದಕ್ಕೆ ಉತ್ತರ ನೀನೇ ಹೇಳು.

ಅಮೆರಿಕದಲ್ಲಿ 2007ರಲ್ಲಿ ಇದಕ್ಕೆ ಪಿಜಿ ಅಂತ ಕೊಟ್ಟಿದ್ದರು, ಸಣ್ಣವರ ಜೊತೆ ದೊಡ್ಡವರೂ ಇರಲಿ ಅಂತ. ನಮ್ಮಲ್ಲೂ ಸೆನ್ಸಾರ್‌ನವರು ಹಾಗೆ ಕೊಡುವ ಯುಎ ಅನ್ನುವ ಮುದ್ರೆಯನ್ನು 2024ರಿಂದ 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ಒಳ್ಳೆಯದೇ. ಆದರೆ ಆ ಮುದ್ರೆ ವಯಸ್ಸು ನೋಡುತ್ತದೆ. ಪಡಸಾಲೆಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ನೋಡುವುದಿಲ್ಲ.

ನನಗೆ ಚಿಂತೆ ಇರುವುದು ಅಲ್ಲೇ. ನಿಮ್ಮ ಕಾಕಾನ ಮಗಳು, ನಿನ್ನ ಅಕ್ಕ, ಈ ಪಂಚಮಿಗೆ ತವರಿಗೆ ಬರುವವಳಲ್ಲ. ಹೋದ ಪಂಚಮಿಗೆ ಬಂದು ಉಳಿದವಳು. ತಿಂಗಳಿಗೊಮ್ಮೆ ಕೋರ್ಟಿನ ತಾರೀಖಿಗೆ ಹೋಗಿ ಬರುತ್ತಾಳೆ. ಸಿನಿಮಾದ ವಕೀಲ ಮಾಡುವುದೂ ವಿಚ್ಛೇದನದ ಕೇಸುಗಳನ್ನೇ. ಅವನ ಆಫೀಸಿಗೆ ಬಂದ ಗಂಡ ಹೆಂಡತಿ ಇನ್ನು ಮೇಲೆ ಶಾಶ್ವತವಾಗಿ ಬೇರೆ ಅಂತ ತಿಳಿದು ಜಿಸೆಲ್ ಗಳಗಳ ಅಳುತ್ತಾಳೆ. ಆಮೇಲೆ ಅವರಿಬ್ಬರೂ ಕೇಸು ಬಿಟ್ಟು ಒಂದಾಗುತ್ತಾರೆ. ನಗುವ ಸಿನಿಮಾ, ಅಲ್ಲಿ ಅದು ನಡೆಯುತ್ತದೆ. ಅವರು ಯಾಕೆ ಬೇರೆ ಆಗಲು ಹೊರಟಿದ್ದರು ಅಂತ ಯಾರೂ ಸರಿಯಾಗಿ ಕೇಳುವುದೇ ಇಲ್ಲ.

ಆ ದೃಶ್ಯ ಬಂದ ಕೂಡಲೇ ನಿಮ್ಮ ಅತ್ತಿ ಏನು ಅನ್ನುತ್ತಾರೆ, ನಿನಗೂ ಗೊತ್ತು. ‘ನೋಡವ್ವಾ, ಅಂಥ ಊರಿನವರೇ ಹೊಂದಿಕೊಂಡರು.’ ಎಲ್ಲರೂ ಟಿವಿ ಬಿಟ್ಟು ಅಕ್ಕನ ಮುಖ ನೋಡುತ್ತಾರೆ. ಅತ್ತಿಯನ್ನು ಸುಮ್ನೆ ಬೈಯುವುದು ಬೇಡ. ಹೋದ ವರ್ಷ ಅದೇ ಮಾತು ನಾನೂ ಆಡಿದ್ದೆ. ಅವಳು ಏನೂ ಅನ್ನಲಿಲ್ಲ, ತೋಳು ಮುಚ್ಚಿದ್ದ ಸೆರಗನ್ನು ಸ್ವಲ್ಪ ಸರಿಸಿದಳು. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಅವಳ ಪುಟ್ಟಿಗೂ ಈಗ ಆರು. ವಕೀಲನ ಮಗಳಿಗೂ ಆರು, ತಾಯಿ ಬಿಟ್ಟು ಹೋದ ಮಗು. ಆ ಮಗು ಜಿಸೆಲ್ ಜೊತೆ ಅಂಗಡಿಗೆ ಹೋಗಿ, ಅಮ್ಮನ ಜೊತೆ ಬಂದರೆ ಹೀಗೇ ಇರುತ್ತದಾ ಅಂತ ಕೇಳುತ್ತದೆ. ನನಗೂ ಗೊತ್ತಿಲ್ಲ ಅನ್ನುತ್ತಾಳೆ ಜಿಸೆಲ್. ನಾನು ಅಲ್ಲಿ ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ಕೂತೆ. ಪುಟ್ಟಿ ಅಲ್ಲಿ ಅಪ್ಪನ ಬಗ್ಗೆ ಏನಾದರೂ ಕೇಳಿದರೆ ಕೇಳಲಿ, ಅದಕ್ಕೆ ನಾನು ಹೆದರುವುದಿಲ್ಲ. ಆದರೆ ಹದಿನೈದು ಮಂದಿಯ ನಡುವೆ ಕೇಳಿದರೆ ಅಕ್ಕ ಏನು ಹೇಳಬೇಕು?

ಅದಕ್ಕೆ ಹೀಗೆ ಮಾಡು. ಮೊದಲು ಅಕ್ಕನಿಗೆ ಫೋನ್ ಹಚ್ಚು. ಕಥೆ ಪೂರ್ತಿ ಹೇಳು, ಆ ವಕೀಲನ ಆಫೀಸಿನದ್ದೂ ಮುಚ್ಚಿಡಬೇಡ. ನೋಡೋಣ ಅಂದರೆ ಹಬ್ಬದ ಮರುದಿನ, ಅತ್ತಿ ಊರಿಗೆ ಹೋದ ಮೇಲೆ ಹಚ್ಚೋಣ. ಬೇಡ ಅಂದರೆ ಯಾಕೆ ಅಂತ ಕೇಳಬೇಡ. ಮಕ್ಕಳಿಗೆ ಜೋಕಾಲಿ ಇದ್ದೇ ಇದೆ, ಈ ಸಲ ಹಗ್ಗ ಹೊಸದು ತಂದಿದ್ದಾರೆ ನಿಮ್ಮಪ್ಪ.

ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಾಯಿತು. ತಂಬಿಟ್ಟು ನೀನು ಬಂದ ಮೇಲೆ. ರೈಲು ಹತ್ತುವಾಗ ಲ್ಯಾಪ್‌ಟಾಪ್‌ನಿಂದ ಟಿವಿಗೆ ಹಚ್ಚುವ ಆ ವೈರ್ ಮರೆಯಬೇಡ. ಹೋದ ಸಲ ಎಲ್ಲರೂ ನಿನ್ನ ಫೋನಿಗೆ ಮುಖ ಹಚ್ಚಿ ನೋಡಿ ನನ್ನ ಕುತ್ತಿಗೆ ಎರಡು ದಿನ ಹಿಡಿದುಕೊಂಡಿತ್ತು.

ನಿನ್ನ ಅವ್ವ