ಒಂದೇ ಕೀಲಿ ಬಂದ ಕಾರು

ಶಾರ್ಜಾ
ಏಪ್ರಿಲ್ 20

ಪ್ರೀತಿಯ ಪುಟ್ಟಿಗೆ ಅಣ್ಣನ ಆಶೀರ್ವಾದಗಳು. ಅಪ್ಪಯ್ಯ, ಅಮ್ಮ ಇಬ್ಬರಿಗೂ ನನ್ನ ನಮಸ್ಕಾರ ತಿಳಿಸು.

ಶಿವಮೊಗ್ಗದಿಂದ ತಂದ ಸೆಕೆಂಡ್ ಹ್ಯಾಂಡ್ ಮಾರುತಿ ಸ್ವಿಫ್ಟ್ ಕಾರಿನ ಬಗ್ಗೆ ನೀನು ಬರೆದದ್ದರಲ್ಲಿ ಮೂರು ದೂರುಗಳಿವೆ. ರಾತ್ರಿ ಹೊತ್ತು ಸುಮ್ಮಸುಮ್ಮನೆ ಸೈರನ್ ಕೂಗುತ್ತದೆ, ರಿಮೋಟ್ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಇಲ್ಲ, ನಾಲ್ಕು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವಾಗ ಎಳೆಯುತ್ತದೆ. ಮೂರಕ್ಕೂ ಬೇರೆ ಬೇರೆ ರಿಪೇರಿ ಬೇಕು ಅಂತ ಪೇಟೆಯಲ್ಲಿ ಹೇಳಿದರಂತೆ. ನನಗೆ ಹಾಗನ್ನಿಸುವುದಿಲ್ಲ. ಇಂಥ ದೂರು ಹೊತ್ತು ಗ್ಯಾರೇಜಿಗೆ ಬರುವ ಬಹುಪಾಲು ಗಾಡಿಗಳಲ್ಲಿ ಮೊದಲ ಅಪರಾಧಿ ಸೊರಗಿದ ಬ್ಯಾಟರಿ, ಎರಡನೆಯದು ಹೊರಗಿನವರು ಹಾಕಿಕೊಟ್ಟ ಅಲಾರಂನ ವೈರಿಂಗ್. ಆದ್ದರಿಂದ ಯಾರೂ ವೈರಿಗೆ ಕತ್ತರಿ ಇಡುವ ಮೊದಲು ನೀನೇ ಒಂದು ಸಲ ನೋಡು. 10 ಎಂಎಂ ಸ್ಪ್ಯಾನರ್, ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಕೀಲಿ ತಿರುಗಿಸುವ ಮುಂಚೆಯೇ ಎರಡು ಟರ್ಮಿನಲ್ ನಡುವೆ ಅಳೆಯಬೇಕು. 12.6 ವೋಲ್ಟ್ ಬಂದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಇಳಿದಿದ್ದರೆ ಕಾಲು ಭಾಗವಷ್ಟೇ ಉಳಿದಿದೆ. ಆಮೇಲೆ ಅಮ್ಮನ ಕೈಲಿ ಸ್ಟಾರ್ಟ್ ಮಾಡಿಸಿ ನೀನು ಮೀಟರ್ ಹಿಡಿ. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯಸ್ಸು ಮುಗಿಯುತ್ತಾ ಬಂದಿದೆ ಅಂತ ಲೆಕ್ಕ. ಇಂಜಿನ್ ಓಡುತ್ತಿರುವಾಗ 13.8ರಿಂದ 14.5ರ ಒಳಗೆ ಇರಬೇಕು. 13 ಕೂಡ ದಾಟದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದೋ ಅದರ ಬೆಲ್ಟಿನದೋ. ಇಷ್ಟು ಅಳೆಯದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ತಿಂಗಳಲ್ಲಿ ಮಲಗುತ್ತದೆ.

ಅಳತೆ ಸರಿಯಿದ್ದೂ ಎಳೆಯುತ್ತಿದ್ದರೆ ಟರ್ಮಿನಲ್ ನೋಡು. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕರೆಂಟಿಗೆ ದಾರಿ ಇಲ್ಲ. ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಮೈನಸ್ ಕೊನೆಗೆ. ಈ ಕ್ರಮ ತಪ್ಪಬೇಡ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ, ಮೈನಸ್ ಇನ್ನೂ ಕೂತಿದ್ದ ಪಕ್ಷಕ್ಕೆ, ಸ್ಪ್ಯಾನರ್ ಅಲ್ಲೇ ಬೆಸುಗೆ ಹಿಡಿಯುವಷ್ಟು ಕಿಡಿ ಬರುತ್ತದೆ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜು, ಒಣಗಿಸಿ ಬಿಗಿದು, ಮೇಲೆ ತೆಳ್ಳಗೆ ವ್ಯಾಸಲಿನ್ ಸವರು. ಸೈರನ್ ಪಕ್ಕದಲ್ಲಿ ಸಣ್ಣ ಕೀಲಿತೂತು ಇದೆಯಾ ಅಂತ ಬ್ಯಾಟರಿ ಬಿಚ್ಚುವ ಮೊದಲೇ ನೋಡಿಕೋ. ಇದ್ದರೆ ಅದರೊಳಗೆ ಸ್ವಂತ ಬ್ಯಾಟರಿ ಇರುತ್ತದೆ. ಅದನ್ನು ಆರಿಸದೆ ಟರ್ಮಿನಲ್ ತೆಗೆದರೆ ಕಳ್ಳ ವೈರ್ ಕತ್ತರಿಸಿದ ಅಂತ ತಿಳಿದು ಊರು ಎಬ್ಬಿಸುತ್ತದೆ. ನಿನ್ನ ರಾತ್ರಿಯ ಸೈರನ್ನಿಗೂ ಇದೇ ಕಾರಣ ಇರಬಹುದು. ಬೆಳಗಿನ ಜಾವ ವೋಲ್ಟೇಜ್ ಇಳಿದಾಗ ಇಂಥ ಸೈರನ್‌ಗಳು ತಾವಾಗಿಯೇ ಕೂಗುತ್ತವೆ.

ಇನ್ನು ನಾಲ್ಕು ದಿನಕ್ಕೆ ಎಳೆಯುವುದು ಯಾಕೆ ಅನ್ನುವ ಲೆಕ್ಕ. ಬೀಗ ಹಾಕಿ ಅರ್ಧ ಗಂಟೆ ಕಳೆದ ಮೇಲೆ ಒಳ್ಳೆಯ ಗಾಡಿ 50 ಮಿಲಿಆಂಪ್‌ಗಿಂತ ಕಡಿಮೆ ಕರೆಂಟ್ ಕುಡಿಯಬೇಕು. 50 ಅಂದರೂ ದಿನಕ್ಕೆ 1.2 ಆಂಪ್‌ಅವರ್. 35 ಆಂಪ್‌ಅವರ್ ಬ್ಯಾಟರಿ ಹದಿನೈದು ದಿನಕ್ಕೆ ಅರ್ಧ ಖಾಲಿ. ಅಲಾರಂ, ಜಿಪಿಎಸ್ ಟ್ರ್ಯಾಕರ್, ಸದಾ ಚುಚ್ಚಿಟ್ಟ ಚಾರ್ಜರ್ ಸೇರಿ ಇದು 200ಕ್ಕೆ ಏರಿದರೆ ನಾಲ್ಕೇ ದಿನದಲ್ಲಿ ಅರ್ಧ ಬ್ಯಾಟರಿ ಹೋಗುತ್ತದೆ. ಅಳೆಯುವುದು ಹೀಗೆ: ಮೈನಸ್ ವೈರ್ ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪ್ ತೂತಿಗೆ ಹಾಕಿ, ವೈರಿಗೂ ಟರ್ಮಿನಲ್ಲಿಗೂ ನಡುವೆ ಮೀಟರ್ ಸೇರಿಸು. ಮೀಟರ್ ಸೇರಿಸಿದಾಗ ಗಾಡಿ ಮತ್ತೆ ಎಚ್ಚರವಾಗುವುದರಿಂದ ಅರ್ಧ ಗಂಟೆ ಕಾಯಬೇಕು. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಬೇಡ, ಮೀಟರಿನ ಫ್ಯೂಸ್ ಹಾರುತ್ತದೆ. ಮೀಟರಿನ ಅಂಕೆ ಜಾಸ್ತಿ ಬಂದರೆ ಫ್ಯೂಸ್ ಒಂದೊಂದೇ ಕಿತ್ತು ನೋಡು. ಯಾವುದು ಕಿತ್ತಾಗ ಅಂಕೆ ಇಳಿಯುತ್ತದೋ ಕುಡಿಯುವವನು ಆ ಸಾಲಿನಲ್ಲಿದ್ದಾನೆ. ಮನೆಯ ಕಾರಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಡಿಕ್ಕಿಯ ಲೈಟು. ಬಾಗಿಲು ಮುಚ್ಚಿದ ಮೇಲೂ ಉರಿಯುತ್ತಿದ್ದರೆ ಯಾರಿಗೂ ಕಾಣುವುದಿಲ್ಲ. ಒಳಗೆ ಮೊಬೈಲ್ ವಿಡಿಯೋ ಹಾಕಿಟ್ಟು ಮುಚ್ಚಿ ನೋಡು.

ಈಗ ಆ ಅಲಾರಂ. ಮೊದಲಿನವರು ಹಾಕಿಸಿದ್ದು ಅಂದರೆ ಕಂಪನಿಯದಲ್ಲ. ಇಂಥವುಗಳಲ್ಲಿ ಸಾಮಾನ್ಯ ಪದ್ಧತಿ ಏನೆಂದರೆ ಬೀಗ ಹಾಕಿದಾಗ ಒಂದು ಚಿಲಿಪಿಲಿ, ತೆಗೆದಾಗ ಎರಡು. ತೆಗೆಯುವಾಗ ಅದಕ್ಕಿಂತ ಹೆಚ್ಚು ಕೂಗಿದರೆ ನೀನಿಲ್ಲದಾಗ ಅಲಾರಂ ಹೊಡೆದಿದೆ ಅಂತ ಅರ್ಥ. ಬೀಗ ತೆಗೆದು ಅರ್ಧ ನಿಮಿಷದೊಳಗೆ ಯಾವ ಬಾಗಿಲೂ ತೆರೆಯದಿದ್ದರೆ ಹಲವು ಅಲಾರಂಗಳು ತಾವೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಆದ್ದರಿಂದ ಕೀಲಿಯನ್ನು ಡಿಕ್ಕಿಯೊಳಗಿಟ್ಟು ಸಾಮಾನು ಇಳಿಸುವ ಅಭ್ಯಾಸ ಅಪ್ಪಯ್ಯನಿಗೆ ಬೇಡ.

ಸುಳ್ಳು ಕೂಗಿಗೆ ಮುಖ್ಯ ಜಾಗಗಳು ಎರಡು. ಒಂದು ಬಾನೆಟ್ ಅಂಚಿನ ಪಿನ್ ಸ್ವಿಚ್. ಮಳೆನೀರು ಇಳಿದು ತುಕ್ಕು ಹಿಡಿದರೆ ಬಾನೆಟ್ ತೆರೆದಿದೆ ಎಂದೇ ಅದು ತಿಳಿಯುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟು ನೋಡು, ಪುಟಿದು ಮೇಲೆ ಬರಬೇಕು. ಬಾಗಿಲ ಸ್ವಿಚ್ಚುಗಳ ಪರೀಕ್ಷೆ ಇನ್ನೂ ಸುಲಭ. ಒಳಗಿನ ಲೈಟನ್ನು ಡೋರ್ ಎಂಬಲ್ಲಿಗಿಟ್ಟು ಒಂದೊಂದೇ ಬಾಗಿಲು ತೆರೆ, ಮುಚ್ಚು. ಮುಚ್ಚಿದ ಮೇಲೂ ಮಿಣುಕಿದರೆ ತಪ್ಪಿತಸ್ಥ ಬಾಗಿಲು ಅದೇ. ಎರಡನೆಯದು ಡ್ಯಾಶ್‌ಬೋರ್ಡ್ ಕೆಳಗೆ ಕಟ್ಟಿರುವ ಅದುರು ಸೆನ್ಸರ್. ಅದರ ಮೇಲೆ ಸಣ್ಣ ತಿರುಪು ಇದೆ. ಸೂಕ್ಷ್ಮತೆ ಕಡಿಮೆಯಾಗುವ ಕಡೆಗೆ ಸ್ವಲ್ಪಸ್ವಲ್ಪವೇ ತಿರುಗಿಸಿ, ಬೀಗ ಹಾಕಿ ಒಂದು ನಿಮಿಷ ಕಳೆದ ಮೇಲೆ ಕಿಟಕಿಯ ಕಂಬಕ್ಕೆ ಅಂಗೈಯಿಂದ ತಟ್ಟು. ತಟ್ಟಿದಾಗ ಕೂಗಬೇಕು, ಲಾರಿ ಹೋದಾಗ, ಗುಡುಗಿದಾಗ ಕೂಗಬಾರದು. ಮಲೆನಾಡಿನ ಸಿಡಿಲಿಗೆ ಪಟ್ಟಣದ ಸೆಟ್ಟಿಂಗ್ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಅಲಾರಂ ಬಿಚ್ಚಿಸಿಬಿಡು. ನಿಜವಾಗಿ ಕಾರು ಕಾಯುವುದು ಅದಲ್ಲ, ಗುರುತಿಲ್ಲದ ಕೀಲಿಗೆ ಇಂಜಿನ್ ಓಡಗೊಡದ ಕಂಪನಿಯ ಇಮ್ಮೊಬಿಲೈಸರ್. ಮಾರುತಿಯವರು ಅದನ್ನು ಐಕ್ಯಾಟ್ಸ್ ಅನ್ನುತ್ತಾರೆ. ಆದರೆ ಬಿಚ್ಚಿಸುವುದೂ ಹುಷಾರಿನ ಕೆಲಸ. ಇಂಥ ಅಲಾರಂಗೆ ಸ್ಟಾರ್ಟರ್ ಅಥವಾ ಇಗ್ನಿಶನ್ ವೈರನ್ನು ಕತ್ತರಿಸಿ ನಡುವೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಕೂರಿಸಿರುತ್ತಾರೆ. ರಿಲೇ ಕಿತ್ತರೆ ಸಾಲದು, ಕತ್ತರಿಸಿದ ಎರಡು ತುದಿಗಳನ್ನು ಬೆಸುಗೆ ಹಾಕಿ ಕೂಡಿಸಿ ಶಾಖಕ್ಕೆ ಕುಗ್ಗುವ ಕೊಳವೆ ಏರಿಸಬೇಕು. ತಿರುಚಿ ಕಪ್ಪು ಟೇಪ್ ಸುತ್ತಿದರೆ ಬೇಸಿಗೆಗೆ ಅಂಟು ಕರಗಿ ಟೇಪು ಬಿಚ್ಚಿಕೊಳ್ಳುತ್ತದೆ. ಆಮೇಲೆ ಘಾಟಿಯ ನಡುವೆ ಇಂಜಿನ್ ನಿಂತರೆ ಕಾರಣ ಹುಡುಕಲು ಯಾರಿಗೂ ಆಗುವುದಿಲ್ಲ. ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿಗೆ ಗುಟ್ಟಿನ ಸ್ವಿಚ್ ಹಾಕಿಕೊಡುತ್ತೇವೆ ಅಂತ ಯಾರಾದರೂ ಬಂದರೂ ಇದೇ ಕಾರಣಕ್ಕೆ ಬೇಡ ಅನ್ನು. ಗೇರಿಗೆ ಹಾಕುವ ಕಬ್ಬಿಣದ ಲಾಕ್ ಹಾಕಿಸು, ಅದಕ್ಕೆ ವೈರೇ ಬೇಡ.

ಇಮ್ಮೊಬಿಲೈಸರ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ಚಿಪ್ ಇದೆ, ಅದಕ್ಕೆ ಬ್ಯಾಟರಿ ಇಲ್ಲ. ಇಗ್ನಿಶನ್ ಸುತ್ತ ಇರುವ ಸುರುಳಿ ಅದಕ್ಕೆ ಕರೆಂಟ್ ಕೊಟ್ಟು, ಅದರ ಗುರುತನ್ನು ಓದಿಕೊಂಡು, ಸರಿಯಿದ್ದರೆ ಮಾತ್ರ ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ರಿಮೋಟಿನ ಸೆಲ್ ಸತ್ತರೂ ಗಾಡಿ ಸ್ಟಾರ್ಟ್ ಆಗಲೇಬೇಕು. ಕೀಲಿ ಆನ್ ಮಾಡಿದಾಗ ಕೀಲಿಚಿತ್ರದ ಲೈಟ್ ಬಂದು ಆರಿದರೆ ಓದಿಕೊಂಡಿತು ಅಂತ. ಮಿಣಮಿಣ ಅನ್ನುತ್ತಲೇ ಇದ್ದರೆ ಓದಲಿಲ್ಲ. ಆಗ ಗೊಂಚಲಿನಿಂದ ಬೇರೆ ಗಾಡಿಯ ಕೀಲಿ ತೆಗೆದಿಟ್ಟು, ಪೂರ್ತಿ ಆಫ್ ಮಾಡಿ ಮತ್ತೆ ತಿರುಗಿಸು.

ಸ್ಟಾರ್ಟ್ ವಿಷಯದಲ್ಲಿ ಇನ್ನೊಂದು ಸಣ್ಣದು. ಕೀಲಿ ತಿರುಗುವುದೇ ಇಲ್ಲ, ಸ್ಟೇರಿಂಗ್ ಕಲ್ಲಾಗಿದೆ ಅಂದರೆ ಕೆಟ್ಟಿಲ್ಲ, ಸ್ಟೇರಿಂಗ್ ಲಾಕ್ ಬಿದ್ದಿದೆ. ಸ್ಟೇರಿಂಗನ್ನು ಎಡಬಲಕ್ಕೆ ಮೆಲ್ಲಗೆ ಅಲುಗಾಡಿಸುತ್ತಾ ಕೀಲಿ ತಿರುಗಿಸು. ಬಲ ಹಾಕಿದರೆ ಕೀಲಿ ಒಳಗೇ ಮುರಿಯುತ್ತದೆ.

ಅದಕ್ಕೇ ನನಗೆ ಎಲ್ಲಕ್ಕಿಂತ ಚಿಂತೆ ಹಚ್ಚಿರುವುದು ನಿಮಗೆ ಒಂದೇ ಕೀಲಿ ಕೊಟ್ಟಿರುವುದು. ಎರಡನೆಯದು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಅದು ಯಾರ ಕೈಯಲ್ಲಾದರೂ ಇರಬಹುದು. ಕಾರು ಕಳವಾದರೆ ಇನ್ಶೂರೆನ್ಸ್‌ನವರು ಎರಡೂ ಕೀಲಿ ಕೇಳುತ್ತಾರೆ, ಕೊಡದಿದ್ದರೆ ತಕರಾರು ಶುರು. ಮೊದಲು ಮಾರಿದವರನ್ನೇ ಗಟ್ಟಿಯಾಗಿ ಕೇಳು. ಸಿಗದಿದ್ದರೆ ಆರ್‌ಸಿ, ಗುರುತಿನ ಚೀಟಿ ಹಿಡಿದು ಕಂಪನಿ ಸರ್ವೀಸ್ ಸೆಂಟರಿಗೆ ಹೋಗಿ ಹೊಸ ಕೀಲಿ ಮಾಡಿಸು. ಆಗ ಎರಡು ಮಾತು ಹೇಳಲು ಮರೆಯಬೇಡ: ಹಳೆಯ ಕೀಲಿಗಳ ಗುರುತೆಲ್ಲ ಅಳಿಸಿ ನಮ್ಮ ಕೈಲಿರುವ ಎರಡನ್ನು ಮಾತ್ರ ಸೇರಿಸಿ, ಮತ್ತು ಈಗ ಎಷ್ಟು ಕೀಲಿ ದಾಖಲಾಗಿವೆ ಅಂತ ಪರದೆಯಲ್ಲಿ ತೋರಿಸಿ. ಅಳಿಸಿದ ಕೀಲಿಯಿಂದ ಬಾಗಿಲು ತೆರೆಯಬಹುದು, ಇಂಜಿನ್ ಓಡುವುದಿಲ್ಲ. ರಸ್ತೆ ಬದಿಯಲ್ಲಿ ಉಜ್ಜಿ ಕೊಡುವ ಕೀಲಿಯೂ ಹಾಗೇ, ಚಿಪ್ ಇಲ್ಲದ್ದು. ಎರಡನೇ ಕೀಲಿ ಬಂದ ಮೇಲೆ ಅದನ್ನು ಕಾರಿನ ಡಬ್ಬದಲ್ಲಿ ಇಡಬೇಡಿ, ಅಮ್ಮನ ಬೀರುವಿನಲ್ಲಿರಲಿ.

ರಿಮೋಟಿನ ಸೆಲ್‌ಗೆ ಹೆಚ್ಚು ಕೆಲಸವಿಲ್ಲ. ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತಿದ್ದರೆ ಸೆಲ್ ಇಳಿದಿದೆ. ಅಂಚಿನ ಸಂದಿಗೆ ನಾಣ್ಯ ಇಟ್ಟು ತಿರುಗಿಸಿ ತೆರೆ, ಹಳೆಯ ಸೆಲ್ ಮೇಲೆ ಬರೆದಿರುವ ನಂಬರನ್ನೇ ತಾ. 2032 ಇದ್ದಲ್ಲಿ 2016 ಹಾಕಿದರೆ ದಪ್ಪ ಸಾಲದೆ ಸಡಿಲವಾಗಿ, ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುತ್ತದೆ. ಹೊಸದು ಮೀಟರಿನಲ್ಲಿ 3 ವೋಲ್ಟ್ ದಾಟಬೇಕು. ಅಂಚು ಹಿಡಿದು ಕೂರಿಸು, ಎರಡು ಮುಖಕ್ಕೂ ಬೆರಳ ಜಿಡ್ಡು ತಾಗಿಸಬೇಡ. ಚಿಕ್ಕಮ್ಮನ ಮಗು ಬಂದಾಗ ಈ ಸೆಲ್ ಕೈಗೆ ಸಿಗಕೂಡದು, ನುಂಗಿದರೆ ಅನ್ನನಾಳವೇ ಸುಡುತ್ತದೆ. ಆ ಮಗು ಹಿಂದೆ ಕೂರುವಾಗ ಹಿಂಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಸರಿಸು.

ರಿಮೋಟ್ ಇದೆ ಅಂತ ಬಾಗಿಲಿನ ಕೀಲಿತೂತನ್ನು ಮರೆಯಬೇಡಿ. ಬ್ಯಾಟರಿ ಸತ್ತ ದಿನ ಒಳಗೆ ಹೋಗಲು ಅದೊಂದೇ ದಾರಿ. ನಮ್ಮ ಕಡೆಯ ತೇವಕ್ಕೆ ಬಳಸದ ಬೀಗ ಜಾಮ್ ಆಗುತ್ತದೆ. ತಿಂಗಳಿಗೊಮ್ಮೆ ಕೀಲಿಯಿಂದಲೇ ತೆರೆದು ಮುಚ್ಚು. ಬಿಗಿಯಿದ್ದರೆ ಗ್ರಾಫೈಟ್ ಪುಡಿ ಊದು, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಧೂಳು ಹಿಡಿದು ಅಂಟಾಗುತ್ತದೆ.

ಬ್ಯಾಟರಿ ಸತ್ತು ಪಕ್ಕದ ಮನೆಯ ಕಾರಿನಿಂದ ಕೇಬಲ್ ಕೊಡಿಸುವುದಾದರೆ ಕೆಂಪನ್ನು ಮೊದಲು ನಮ್ಮ ಪ್ಲಸ್‌ಗೆ, ಆಮೇಲೆ ಅವರ ಪ್ಲಸ್‌ಗೆ. ಕಪ್ಪನ್ನು ಅವರ ಮೈನಸ್‌ಗೆ ಹಾಕಿ, ಕೊನೆಯ ತುದಿಯನ್ನು ನಮ್ಮ ಬ್ಯಾಟರಿಗಲ್ಲ, ಅದರಿಂದ ದೂರದ ಬಣ್ಣವಿಲ್ಲದ ಇಂಜಿನ್ ಲೋಹಕ್ಕೆ ಕಚ್ಚಿಸು. ಕೊನೆಯ ಜೋಡಣೆಯಲ್ಲಿ ಕಿಡಿ ಬರುತ್ತದೆ, ಬ್ಯಾಟರಿಯ ಮೇಲೆ ಕಿಡಿಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಇರುತ್ತದೆ. ಅವರ ಗಾಡಿ ಐದು ನಿಮಿಷ ಓಡಲಿ, ನಂತರ ನಮ್ಮದು. ತೆಗೆಯುವಾಗ ಇದೇ ಕ್ರಮ ಹಿಂದುಮುಂದಾಗಿ.

ಫ್ಯೂಸ್ ಹಾರಿದರೆ ಅದೇ ಬಣ್ಣದ್ದನ್ನೇ ಹಾಕು: ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30. ಪದೇ ಪದೇ ಹಾರುತ್ತದೆ ಅಂತ ದೊಡ್ಡದು ಹಾಕಿದರೆ ಮುಂದಿನ ಸಲ ಉರಿಯುವುದು ವೈರು.

ಮಳೆಗಾಲದ ಕೆಲಸ ಮೇ ಮುಗಿಯುವುದರೊಳಗೆ ಆಗಲಿ. ವೈಪರ್ ರಬ್ಬರ್ ಗೆರೆ ಬಿಟ್ಟರೆ ಬದಲಿಸು. ಟೈರಿನ ಗಾಳಿ ಚಾಲಕನ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಬರೆದಷ್ಟು, ಗಾಡಿ ಓಡಿಸುವ ಮೊದಲು, ಸ್ಟೆಪ್ನಿಗೂ ಸೇರಿ. ಟೈರಿನ ಹಲ್ಲಿನ ಆಳ ಕನಿಷ್ಠ 1.6 ಮಿಲಿಮೀಟರ್ ಅನ್ನುವುದು ಕಾನೂನು, ಆಗುಂಬೆ ಘಾಟಿಗೆ ನಾನು 3ಕ್ಕೇ ಬದಲಿಸು ಅನ್ನುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಪೆಡಲ್ ಒಳಗಿಳಿಯುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಗಾಜಿಗೆ ಮಂಜು ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಡ, ಎಸಿ ಹಾಕಿ, ಹೊರಗಾಳಿ ಬರುವಂತೆ ಮಾಡಿ, ಗಾಜಿನ ಕಡೆಗೆ ತಿರುಗಿಸು. ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು ಈಗ ಎಲ್ಲರ ಚಾಳಿ. ನೀನು ಎಡಕ್ಕೋ ಬಲಕ್ಕೋ ಅಂತ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು? ಡಿಮ್ ಹೆಡ್‌ಲೈಟ್ ಸಾಕು.

ಇಲಿ ನಮ್ಮ ಕೊಟ್ಟಿಗೆಯ ಶಾಶ್ವತ ಸದಸ್ಯ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ, ಅಡಿಕೆ ಸಿಪ್ಪೆ, ಕಡಿದ ವೈರಿನ ಪುಡಿ ಇದೆಯಾ ನೋಡು. ಹೊಗೆಸೊಪ್ಪು ಕಟ್ಟಿದರೆ ವಾಸನೆ ಇರುವಷ್ಟು ದಿನ ಮಾತ್ರ ಉಪಯೋಗ. ಭತ್ತದ ಮೂಟೆಯ ಪಕ್ಕ ಕಾರು ನಿಲ್ಲಿಸದಿರುವುದೇ ಸರಿ. ಇದ್ದಕ್ಕಿದ್ದಂತೆ ಇಂಜಿನ್ ಲೈಟ್ ಬಂದರೆ ಇಲಿ ಕಡಿದ ವೈರಿನಿಂದಲೇ ಹುಡುಕಲು ಹೇಳು.

ಆರ್‌ಸಿ ಹೆಸರು ಬದಲಾವಣೆಗೆ 29, 30ನೇ ನಮೂನೆ ಕೊಟ್ಟಾಯಿತಾ? ಇನ್ಶೂರೆನ್ಸ್ ನಿನ್ನ ಹೆಸರಿಗೆ ಆಗಲು ಕೊಂಡ 14 ದಿನದೊಳಗೆ ಅರ್ಜಿ ಹಾಕಬೇಕು, ಅಪ್ಪಯ್ಯನಿಗೆ ಜ್ಞಾಪಿಸು.

ಬ್ಯಾಟರಿಯ ಮೂರು ಅಳತೆಗಳನ್ನು ಬರೆದು ಕಳಿಸು. ಅಲಾರಂ ಪೆಟ್ಟಿಗೆಯ ಮೇಲಿನ ಚೀಟಿಯ ಫೋಟೋವನ್ನೂ ಹಾಕು, ಯಾವ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಚಿತ್ರ ಬರೆದು ಕೊಡುತ್ತೇನೆ. ಬಿಚ್ಚುವವರ ಕೈಗೆ ಅದನ್ನೇ ಕೊಡು.

ಇಂತಿ ನಿನ್ನ ಅಣ್ಣ