ಅಣ್ಣ ಕೇಳಿದ ಡಿಎನ್‌ಎ ಕಿಟ್ ವಿಷಯ

ಲೆಸ್ಟರ್

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅವ್ವನ ಮೊಣಕಾಲು ಹೇಗಿದೆ, ಬರೆಯಿರಿ.

ಅಣ್ಣನದು ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: ಡಿಎನ್‌ಎ ಪರೀಕ್ಷೆಯ ಕಿಟ್ ಕಳಿಸು, ಹೊಸಮನಿಯವರು ಮೂಲದಲ್ಲಿ ಎಲ್ಲಿಯವರು ಅಂತ ತಿಳಿದೇ ಬಿಡಲಿ. ನಾನು ಹೇಳಹೋದರೆ ಅರ್ಧ ಕೇಳಿ ಫೋನ್ ಇಡುತ್ತಾನೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ಅವನನ್ನು ಕೂರಿಸಿ ಓದಿ ಹೇಳಿರಿ.

ಇಲ್ಲಿ ಇಂಗ್ಲೆಂಡಿನವರಿಗೆ ಈ ಹುಚ್ಚು ಬಹಳ. ಮೊನ್ನೆ ನಮ್ಮ ಆಫೀಸಿನಲ್ಲೇ ಒಬ್ಬರು ಊಟಕ್ಕೆ ಮೊದಲು ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತರು. ಉದ್ದನೆಯ ಒಂದು ಕಡ್ಡಿ. ಅದನ್ನು ಕೆನ್ನೆಯ ಒಳಗೋಡೆಗೆ ಗಸಗಸ ಉಜ್ಜಿ, ತುದಿಯನ್ನು ಸಣ್ಣ ಶೀಶೆಯೊಳಗೆ ಬೀಳಿಸಿ, ಮುಚ್ಚಳ ಬಿಗಿದು, ಲಕೋಟೆಗೆ ಹಾಕಿ ಅಂಟಿಸಿದರು. ಅಷ್ಟೇ ಕೆಲಸ.

ಗಂಡುಕುಡಿಯ ಮೂಲ ಹುಡುಕಲು ನೋಡುವುದು ವೈ ಕ್ರೋಮೋಸೋಮ್, ಅಂದರೆ ಗಂಡಸರಲ್ಲಷ್ಟೇ ಇರುವ ಒಂದು ಡಿಎನ್‌ಎ ಎಳೆ. ಅದು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ, ಹೆಚ್ಚೇನೂ ಬದಲಾಗದೆ. ಇಂಗ್ಲೆಂಡಿನಲ್ಲಿ ಅಡ್ಡಹೆಸರೂ ಆರೇಳು ನೂರು ವರ್ಷಗಳಿಂದ ಅದೇ ದಾರಿ ಹಿಡಿದು ಬಂದಿದೆ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ಎಂಬ ವಿಜ್ಞಾನಿ ತಮ್ಮದೇ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಹಳ್ಳದಿಂದ ಬಂದ ಹೆಸರು. ಹಳ್ಳ ಎಲ್ಲ ಕಡೆ ಇರುವುದರಿಂದ ಹೆಸರೂ ಹತ್ತು ಕಡೆ ಹುಟ್ಟಿರಬೇಕು ಅನ್ನುವ ಎಣಿಕೆ ಇತ್ತು. ನೋಡಿದರೆ ನೂರಕ್ಕೆ 44 ಮಂದಿಯ ವೈ ಒಂದೇ! ನಮ್ಮ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಇನ್ನೂ ಮುಂದೆ ಹೋಗಿ, 2009ರಲ್ಲಿ 40 ಅಡ್ಡಹೆಸರುಗಳ ಲೆಕ್ಕ ಕೊಟ್ಟರು. ಅಟೆನ್‌ಬರೋ ಎಂಬ ಅಪರೂಪದ ಹೆಸರಿನವರಲ್ಲಿ ನೂರಕ್ಕೆ 87 ಮಂದಿ ಒಂದೇ ಬಳ್ಳಿಯವರು. ಸ್ಮಿತ್‌ಗಳಲ್ಲಿ ಮಾತ್ರ ಒಬ್ಬರಿಗೊಬ್ಬರು ದಾರಿಹೋಕರಷ್ಟೇ ದೂರ. ಸ್ಮಿತ್ ಅಂದರೆ ಕಮ್ಮಾರ, ಕಮ್ಮಾರನಿಲ್ಲದ ಊರುಂಟೇ?

ಹೊಸಮನಿಯೂ ಸ್ಮಿತ್ ಸಾಲಿನದೇ, ಅಪ್ಪಾ. ಊರಲ್ಲಿ ಹೊಸ ಮನೆ ಕಟ್ಟಿದವ ಹೊಸಮನಿ ಆದ, ಒಡಹುಟ್ಟಿದ ಅಣ್ಣ ಹಳೆಮನಿಯಾಗಿ ಉಳಿದ. ಗದಗಿಗೆ ಹೋಗಿ, ಬಾಗಲಕೋಟೆಗೆ ಹೋಗಿ, ಹೊಸಮನಿಯವರು ಸಿಕ್ಕೇ ಸಿಗುತ್ತಾರೆ, ಜಾತಿಯೂ ಒಂದಲ್ಲ. ಅಣ್ಣ ರೊಕ್ಕ ಸುರಿದರೆ ಎಚ್, ಎಲ್, ಆರ್2 ಅಂತ ವೈಯ ಯಾವುದೋ ಗುಂಪಿನ ಹೆಸರು ಬರುತ್ತದೆ. ಆ ಗುಂಪುಗಳು ಹತ್ತಾರು ಸಾವಿರ ವರ್ಷ ಹಳೆಯವು, ಆಗ ಮನೆಯೇ ಇರಲಿಲ್ಲ, ಇನ್ನು ಹೊಸದೆಲ್ಲಿ! ಹೋಲಿಸಿ ನೋಡೋಣ ಅಂದರೆ ಪರೀಕ್ಷೆ ಮಾಡಿಸಿದವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು.

ಇನ್ನೊಂದು ಮಾತು. ಇದೇ ಊರಿನ ಕಾರ್ ಪಾರ್ಕಿಂಗ್ ಅಡಿಯಲ್ಲಿ 2012ರಲ್ಲಿ ಇಂಗ್ಲೆಂಡಿನ ಹಿಂದಿನ ದೊರೆ ಮೂರನೇ ರಿಚರ್ಡನ ಎಲುಬು ಸಿಕ್ಕವು. ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಅವನ ಅಕ್ಕನ ಸಂತತಿಯವರಿಗೆ ಹೊಂದಿತು. ಆದರೆ ಕಾಗದಪತ್ರದ ಪ್ರಕಾರ ಗಂಡುಕುಡಿಯ ದಾಯಾದಿಗಳಾದ ಐವರಲ್ಲಿ ಒಬ್ಬರ ವೈ ಕೂಡ ದೊರೆಯದಕ್ಕೆ ಕೂಡಲಿಲ್ಲ. ಆ ಐವರಲ್ಲೇ ಒಬ್ಬರದು ಉಳಿದ ನಾಲ್ವರದಕ್ಕೆ ಕೂಡಲಿಲ್ಲ! ಅಂದರೆ ನಡುವೆ ಎಲ್ಲೋ ಕಾಗದದ ಅಪ್ಪ ಬೇರೆ, ಹುಟ್ಟಿಸಿದ ಅಪ್ಪ ಬೇರೆ. ಅರಮನೆಯ ಕಥೆಯೇ ಹೀಗೆ. ಇದನ್ನು ಹೇಳಿದರೆ ನಿಮ್ಮ ಸೊಸೆ ನಗುತ್ತಾಳೆ: “ನಮ್ಮ ಬಂಟರಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದೇ ತಾಯಿಯಿಂದ, ಈ ರಗಳೆಯೇ ಇಲ್ಲ.”

ನಮ್ಮಲ್ಲಿ ರಗಳೆ ಇದೆ. ನಿಮ್ಮ ಅಜ್ಜ ದತ್ತು ಬಂದವರಲ್ಲವೆ? ದಾಯಾದಿಗಳ ಮನೆಯಿಂದ ಅಂತ ಕಾಕಾ, ಮಗಳ ಮನೆಯಿಂದ ಅಂತ ಅವ್ವ, ಜಾತ್ರೆ ಬಂತೆಂದರೆ ಇಬ್ಬರಿಗೂ ಇದೇ ವಾದ. ಅವ್ವ ಹೇಳುವುದು ನಿಜವಾದರೆ ಅಣ್ಣನ ಕೆನ್ನೆಯಲ್ಲಿರುವುದು ಹೊಸಮನಿಯವರ ವೈ ಅಲ್ಲವೇ ಅಲ್ಲ, ಆ ಅಳಿಯನ ಮನೆತನದ್ದು. ಅಣ್ಣನ ಜೊತೆ ಕೆರೆ ಓಣಿಯ ದಾಯಾದಿಗಳಲ್ಲೂ ಒಬ್ಬರು ಕೊಟ್ಟರೆ ಈ ಒಂದು ಪ್ರಶ್ನೆಗೆ ಕಿಟ್ ಉತ್ತರ ಹೇಳೀತು. ದತ್ತು ದತ್ತೇ, ಕಾಯಿದೆಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಹೊಲದ ಬದುವಿನ ಜಗಳ ಈಗಷ್ಟೇ ತಣ್ಣಗಾಗಿದೆ.

ಅದಕ್ಕಿಂತ ಮನೆತನದ ವಂಶಾವಳಿ ಹೇಳುವ ಹೆಳವರು ಬರುವುದನ್ನು ಕಾಯೋಣ. ಅವರು ಎತ್ತು ಕಟ್ಟಿ, ಕಟ್ಟೆಯ ಮೇಲೆ ಕೂತು ವಂಶಾವಳಿಯ ಹೊತ್ತಿಗೆ ಬಿಚ್ಚಿದರೆ ಯಾವ ಬೆಡಗು (ಕುಲ), ಯಾವ ಊರಿಂದ ಬಂದವರು, ಯಾರಿಗೆ ಯಾರು ಮಕ್ಕಳು ಎಲ್ಲ ಹೇಳುತ್ತಾರೆ. ಈ ಸಲ ಅಣ್ಣ ಮೊಬೈಲಿನಲ್ಲಿ ಮೊದಲಿಂದ ಕೊನೆವರೆಗೆ ರೆಕಾರ್ಡ್ ಮಾಡಲಿ, ಒಪ್ಪಿದರೆ ಪುಟಗಳ ಫೋಟೋನೂ ತೆಗೆಯಲಿ. ನಿಮ್ಮ ಅಜ್ಜನ ಹೆಸರು ಬಂದಲ್ಲಿ ತಡೆದು, ಯಾವ ಮನೆಯಿಂದ ಅಂತ ಬಿಡಿಸಿ ಕೇಳಿರಿ. ಜೋಳ, ಧೋತರ ನಿಮ್ಮ ಕಡೆಯಿಂದ ಇರಲಿ, ಕಾಣಿಕೆಯ ರೊಕ್ಕ ನಾನು ಕಳಿಸುತ್ತೇನೆ.

ಇಷ್ಟು ಕೇಳಿಯೂ ಅಣ್ಣ ಹಟ ಹಿಡಿದರೆ ಅವ್ವ, ಕಾಕಾ ಇಬ್ಬರೂ ಹೂಂ ಅನ್ನಲಿ. ಕಿಟ್ ಆಮೇಲೆ.

ನಿಮ್ಮ ಮಗ